ನೆರೆನಾಡಿನ ಪೇಟೆಯೂ ಮಂಡ್ಯದ ಬೆಲ್ಲವೂ



ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಕಾಯಿ ತುಂಬುವ ಕೂಲಿಯವರಾಗಲಿ, ಮಂಡ್ಯದ ಮಾರುಕಟ್ಟೆಯ ಪ್ರಾಂಗಣದಲ್ಲಿ ತಮ್ಮ ಬೆಲ್ಲದ ರಾಶಿಯ ಮುಂದೆ ನಿಂತು ಹರಾಜಿನ ಕೂಗಿಗೆ ಕಿವಿಗೊಡುವ ರೈತರಾಗಲಿ, ಮಳವಳ್ಳಿಯ ಸೀಮೆಯಲ್ಲಿ ರೇಷ್ಮೆ ಸೊಪ್ಪನ್ನು ಕೊಯ್ದು ಹುಳುವಿಗೆ ಹಾಕುವ ಹೆಣ್ಣುಮಕ್ಕಳಾಗಲಿ, ದೆಹಲಿಯಲ್ಲಿಯೋ ಬ್ಯಾಂಕಾಕಿನಲ್ಲಿಯೋ ಮಂತ್ರಿಗಳು ಕುಳಿತು ರುಜು ಹಾಕುವ ಕಾಗದಕ್ಕೂ ತಮಗೂ ಏನು ಸಂಬಂಧವೆಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಆ ಪ್ರಶ್ನೆಗೆ ಉತ್ತರವನ್ನು ಹೇಳುವುದೇ ಇಂದಿನ ನನ್ನ ಉದ್ದೇಶ. ನಮ್ಮ ಬೆಳೆಯ ಬೆಲೆಯ ಒಂದು ಪಾಲು ನಮ್ಮ ಹೊಲದಲ್ಲಿ ನಿಶ್ಚಯವಾಗದೆ ದೂರದ ಬಂದರುಗಳ ಸುಂಕದ ಕಟ್ಟೆಯಲ್ಲಿ ನಿಶ್ಚಯವಾಗುತ್ತಿರುವ ಕಾಲ ಇದು. ಅದನ್ನು ಅರಿತವನು ಆ ಕಾಗದದಿಂದ ಲಾಭವನ್ನು ಪಡೆಯಬಲ್ಲನು, ಅರಿಯದವನು ಅದರಿಂದ ನಷ್ಟವನ್ನು ಮಾತ್ರ ಕಾಣುವನು.

ದೇಶದ ಗಡಿಯಲ್ಲಿ ಹೊರಗಿನ ಸರಕಿನ ಮೇಲೆ ವಸೂಲು ಮಾಡುವ ಸುಂಕವು ಬೊಕ್ಕಸಕ್ಕೆ ಹಣವನ್ನು ತರುವುದಲ್ಲದೆ ಒಳನಾಡಿನ ಬೆಳೆಗಾರನಿಗೂ ಕೈಗಾರಿಕೆಗೂ ಅಗ್ಗದ ಪೈಪೋಟಿಯಿಂದ ರಕ್ಷಣೆಯನ್ನು ಕೊಡುತ್ತದೆ. ಎರಡು ದೇಶಗಳೋ ಹಲವು ದೇಶಗಳೋ ಒಂದುಗೂಡಿ, ನಿಮ್ಮ ಸರಕಿನ ಮೇಲಣ ಸುಂಕವನ್ನು ನಾವು ಇಳಿಸುವೆವು, ನಮ್ಮ ಸರಕಿನ ಮೇಲಣ ಸುಂಕವನ್ನು ನೀವು ಇಳಿಸಬೇಕು, ಇಂತಿಷ್ಟು ವರ್ಷಗಳಲ್ಲಿ ಅದನ್ನು ಪೂರ್ತಿ ತೆಗೆದುಹಾಕಬೇಕು ಎಂದು ಮಾಡಿಕೊಳ್ಳುವ ಕರಾರೇ ಮುಕ್ತ ವ್ಯಾಪಾರ ಒಪ್ಪಂದ. ಇಂತಹ ಕರಾರುಗಳಲ್ಲಿ ಸಂಪೂರ್ಣವಾಗಿ ತೆರೆದದ್ದು ಒಂದೂ ಇಲ್ಲ. ಪ್ರತಿಯೊಂದರ ಬೆನ್ನಿಗೂ ರಿಯಾಯಿತಿಗೆ ಸೇರದ ಸರಕುಗಳ ಒಂದು ಪಟ್ಟಿ ಇರುತ್ತದೆ. ಅದನ್ನು ಸೂಕ್ಷ್ಮ ಪಟ್ಟಿಯೆಂದು ಕರೆಯುವುದುಂಟು. ಒಪ್ಪಂದದ ಮೊದಲ ಪುಟವನ್ನು ಓದಿ ಹಿಗ್ಗುವುದಕ್ಕಿಂತ ಈ ಪಟ್ಟಿಯನ್ನು ಓದಿ ಎಚ್ಚರಗೊಳ್ಳುವುದು ವರ್ತಕನಿಗೆ ಶ್ರೇಯಸ್ಕರ.

ನಮ್ಮ ಸೀಮೆಗೆ ಈ ವ್ಯವಹಾರವು ಹೊಸದೇನೂ ಅಲ್ಲ. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ, ಇಂದು ಮಂಡ್ಯ ಜಿಲ್ಲೆಗೆ ಸೇರಿರುವ ಶ್ರೀರಂಗಪಟ್ಟಣದಿಂದ ರಾಜ್ಯವಾಳಿದ ಟಿಪ್ಪು ಸುಲ್ತಾನನು ಅರಬ್ಬೀ ಸಮುದ್ರದಾಚೆಯ ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರ ಕೋಠಿಯೊಂದನ್ನು ಸ್ಥಾಪಿಸಿದ್ದನು. ಗಂಧದ ಮರ, ಮೆಣಸು, ಏಲಕ್ಕಿ, ಅಕ್ಕಿಗಳು ಮಂಗಳೂರಿನಲ್ಲಿ ಹಡಗನ್ನೇರಿ ಅಲ್ಲಿಗೆ ಹೋಗುತ್ತಿದ್ದವು. ಮಸ್ಕತ್ತಿನ ಇಮಾಮನು ಮೈಸೂರಿನ ವರ್ತಕರಿಗೆ ಸುಂಕದಲ್ಲಿ ರಿಯಾಯಿತಿಯನ್ನು ಕೊಟ್ಟಿದ್ದನು, ಪ್ರತಿಯಾಗಿ ಅಲ್ಲಿನ ವರ್ತಕರಿಗೆ ಮಂಗಳೂರಿನಲ್ಲಿ ಸೌಲಭ್ಯಗಳು ದೊರೆತಿದ್ದವು. ಕಾವೇರಿಯ ದಂಡೆಯ ರಾಜಧಾನಿಗೂ ಕೊಲ್ಲಿಯ ಬಂದರಿಗೂ ನಡುವೆ ಪರಸ್ಪರ ಸುಂಕ ವಿನಾಯಿತಿಯ ವ್ಯವಸ್ಥೆ ಇನ್ನೂರು ವರ್ಷಗಳಿಗೂ ಹಿಂದೆಯೇ ಇದ್ದಿತೆಂಬುದು ನಾವು ಅಭಿಮಾನದಿಂದ ನೆನೆಯತಕ್ಕ ಸಂಗತಿ. ರೇಷ್ಮೆ ಹುಳುವಿನ ಸಾಕಣೆಯನ್ನು ಈ ನೆಲದಲ್ಲಿ ಊರಿಸುವುದಕ್ಕಾಗಿ ಬಂಗಾಳದ ಕಡೆಗೂ ಮಸ್ಕತ್ತಿನ ಕಡೆಗೂ ಆತನು ಕೈಚಾಚಿದ್ದನ್ನು ನೆನೆದರೆ, ಮಳವಳ್ಳಿಯ ಇಂದಿನ ಹುಳುಮನೆಯೂ ಒಂದು ಅರ್ಥದಲ್ಲಿ ಆ ವ್ಯಾಪಾರದ ಸಂತಾನವೇ.

ಆದರೆ ಇಂದಿನ ಮಂಡ್ಯವನ್ನು ಕಟ್ಟಿದ್ದು ತೆರೆದ ಬಾಗಿಲಲ್ಲ, ಮುಚ್ಚಿದ ಬಾಗಿಲು. ಇದು ಅನೇಕರಿಗೆ ತಿಳಿಯದ ವಿಷಯವಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಹಿಂದೂಸ್ಥಾನದ ಪೇಟೆಗಳಲ್ಲಿ ಮಾರಾಟವಾಗುತ್ತಿದ್ದ ಬಿಳಿ ಸಕ್ಕರೆಯ ಬಹುಭಾಗವು ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದಿಂದ ಬರುತ್ತಿದ್ದಿತು. ವರ್ಷ ವರ್ಷವೂ ಲಕ್ಷಗಟ್ಟಲೆ ಟನ್ನುಗಳು ಕಲ್ಕತ್ತ, ಮದರಾಸು, ಮುಂಬಯಿಗಳಲ್ಲಿ ಇಳಿಯುತ್ತಿದ್ದವು. ಜಾವಾದ ಸಕ್ಕರೆಯ ಬೆಲೆಗೆ ಸರಿಯಾಗಿ ನಮ್ಮಲ್ಲಿ ಕಾರ್ಖಾನೆ ನಡೆಸುವುದು ಅಸಾಧ್ಯವೆಂಬ ಭಾವನೆ ಆಗ ಬಲವಾಗಿದ್ದಿತು. 1932ರಲ್ಲಿ ಸಕ್ಕರೆ ಕೈಗಾರಿಕೆಯ ರಕ್ಷಣಾ ಶಾಸನವು ಜಾರಿಗೆ ಬಂದು ಹೊರಗಿನ ಸಕ್ಕರೆಯ ಮೇಲೆ ಭಾರಿ ಸುಂಕ ಬಿದ್ದಿತು. ಮೂವತ್ತರ ಆಸುಪಾಸಿನಲ್ಲಿದ್ದ ದೇಶದ ಸಕ್ಕರೆ ಕಾರ್ಖಾನೆಗಳ ಸಂಖ್ಯೆ ನಾಲ್ಕೈದು ವರ್ಷಗಳಲ್ಲಿಯೇ ನೂರಮೂವತ್ತರ ಹತ್ತಿರಕ್ಕೆ ಏರಿತು. ಅದೇ ಸಮಯಕ್ಕೆ ಕನ್ನಂಬಾಡಿ ಕಟ್ಟೆಯಲ್ಲಿ ನಿಂತ ಕಾವೇರಿಯ ನೀರು ಇರ್ವಿನ್ ನಾಲೆಯಲ್ಲಿ ಹರಿದು, ರಾಗಿ ಜೋಳಗಳನ್ನು ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲಿಗೆ ಬಂದು ಸೇರಿತು. ನೀರಿಗೆ ತಕ್ಕ ಬೆಳೆಯಾಗಿ ಕಬ್ಬನ್ನೂ ಕಬ್ಬಿಗೆ ತಕ್ಕ ಕಾರ್ಖಾನೆಯನ್ನೂ ಇಲ್ಲಿ ನೆಲೆಗೊಳಿಸಬೇಕೆಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ, ಕೆನಡ ದೇಶದಲ್ಲಿ ಹುಟ್ಟಿದ ಲೆಸ್ಲಿ ಕೋಲ್ಮನ್ನರು ಹಟ ಹಿಡಿದು ದುಡಿದರು. ದಿವಾನ್ ಮಿರ್ಜಾ ಇಸ್ಮಾಯಿಲ್‌ರ ಬೆಂಬಲದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ನೀರು ಕನ್ನಂಬಾಡಿ ಕಟ್ಟೆಯದು, ನೆರಳು ಸುಂಕದ ಗೋಡೆಯದು. ಇವೆರಡರಲ್ಲಿ ಒಂದು ಇಲ್ಲದಿದ್ದರೂ 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಗುವ ಯೋಗ್ಯತೆ ಮಂಡ್ಯಕ್ಕೆ ಅಷ್ಟು ಶೀಘ್ರವಾಗಿ ಬರುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಕಾಲಚಕ್ರವು ತಿರುಗಿದ ಬಗೆಯನ್ನು ನೋಡಿರಿ. ಒಮ್ಮೆ ನಮಗೆ ಸಕ್ಕರೆಯನ್ನು ಕಳುಹಿಸುತ್ತಿದ್ದ ಜಾವಾ, ಇಂದು ಇಂಡೋನೇಷ್ಯದ ಹೃದಯಭಾಗವಾಗಿ, ಪ್ರಪಂಚದಲ್ಲಿ ಅತಿ ಹೆಚ್ಚು ಸಕ್ಕರೆಯನ್ನು ಕೊಳ್ಳುವ ದೇಶಗಳಲ್ಲೊಂದಕ್ಕೆ ಸೇರಿದೆ. ಆಗ್ನೇಯ ಏಷ್ಯದ ರಾಷ್ಟ್ರಗಳೊಡನೆ ಭಾರತವು 2009ರ ಆಗಸ್ಟಿನಲ್ಲಿ ಮಾಡಿಕೊಂಡು 2010ರ ಜನವರಿಯಿಂದ ಜಾರಿಗೆ ತಂದ ಸರಕು ವ್ಯಾಪಾರದ ಒಪ್ಪಂದವಿದ್ದರೂ ನಮ್ಮ ಕಚ್ಚಾ ಸಕ್ಕರೆಗೆ ಅಲ್ಲಿ ಬಹುಕಾಲ ಸುಗಮವಾದ ಪ್ರವೇಶವಿರಲಿಲ್ಲ. ಥಾಯ್ಲೆಂಡಿನ ಸಕ್ಕರೆಗೆ ಸುಂಕ ಕಡಮೆ, ನಮ್ಮದಕ್ಕೆ ಹೆಚ್ಚು. ಇಂಡೋನೇಷ್ಯದ ತಾಳೆಎಣ್ಣೆಗೆ ನಾವು ಸುಂಕವನ್ನು ಇಳಿಸಿದೆವು. 2020ರ ಹೊತ್ತಿಗೆ ಅವರು ನಮ್ಮ ಸಕ್ಕರೆಯ ಸುಂಕವನ್ನು ಥಾಯ್ಲೆಂಡಿಗೆ ಸಮನಾಗಿ ಶೇಕಡಾ 5ಕ್ಕೆ ತಂದರು, ಸಕ್ಕರೆಯ ಗುಣಮಟ್ಟದ ನಿಯಮವನ್ನೂ ನಮ್ಮ ಕಾರ್ಖಾನೆಗಳಿಗೆ ಒಗ್ಗುವಂತೆ ಸಡಿಲಿಸಿದರು. ಮರುವರ್ಷವೇ ಇಂಡೋನೇಷ್ಯವು ಭಾರತದ ಸಕ್ಕರೆಯ ದೊಡ್ಡ ಗಿರಾಕಿಯಾಯಿತು. ಒಪ್ಪಂದವೊಂದು ಕಾಗದದಲ್ಲಿ ಹತ್ತು ವರ್ಷ ಇದ್ದು, ಬಳಿಕ ಒಂದು ಸರಕಿನ ವಿಷಯದಲ್ಲಿ ಪಟ್ಟುಹಿಡಿದು ಕುಳಿತು ಮಾತನಾಡಿದ ಮೇಲೆ ಫಲ ಕೊಟ್ಟ ಈ ನಿದರ್ಶನವನ್ನು ನಮ್ಮ ಜನಪ್ರತಿನಿಧಿಗಳು ಗಮನಿಸಬೇಕು.

ನೆರೆಹೊರೆಯ ಉಳಿದ ಒಪ್ಪಂದಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ದಕ್ಷಿಣ ಏಷ್ಯದ ಏಳು ರಾಷ್ಟ್ರಗಳ ಸಾರ್ಕ್ ಸಂಘವು 1985ರಲ್ಲಿ ಢಾಕಾದಲ್ಲಿ ಹುಟ್ಟಿ, ಅದರ ಎರಡನೆಯ ಶೃಂಗಸಭೆಯು 1986ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಆ ಸಂಘದ ದೇಶಗಳು 2004ರ ಜನವರಿಯಲ್ಲಿ ಇಸ್ಲಾಮಾಬಾದಿನಲ್ಲಿ ಸಹಿ ಮಾಡಿದ ದಕ್ಷಿಣ ಏಷ್ಯ ಮುಕ್ತ ವ್ಯಾಪಾರ ಒಪ್ಪಂದವು 2006ರಲ್ಲಿ ಜಾರಿಗೆ ಬಂದಿತು. ಶ್ರೀಲಂಕೆಯೊಡನೆ ಪ್ರತ್ಯೇಕವಾದ ಒಪ್ಪಂದವು 1998ರ ಡಿಸೆಂಬರಿನಲ್ಲಿ ಆಗಿ 2000ದ ಮಾರ್ಚಿನಿಂದ ನಡೆಯುತ್ತಿದೆ. ಕೊಲ್ಲಿಯ ಸಂಯುಕ್ತ ಅರಬ್ ಸಂಸ್ಥಾನಗಳೊಡನೆ ಮಾಡಿಕೊಂಡದ್ದು 2022ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಇಷ್ಟೆಲ್ಲ ಇದ್ದರೂ ದಕ್ಷಿಣ ಏಷ್ಯದ ದೇಶಗಳು ತಮ್ಮ ತಮ್ಮೊಳಗೆ ನಡೆಸುವ ವ್ಯಾಪಾರವು ಅವುಗಳ ಒಟ್ಟು ವ್ಯಾಪಾರದ ಶೇಕಡಾ 5ರ ಆಸುಪಾಸಿನಲ್ಲಿಯೇ ನಿಂತಿದೆ. ಆಗ್ನೇಯ ಏಷ್ಯದಲ್ಲಿ ಅದೇ ಪ್ರಮಾಣವು ನಾಲ್ಕರಲ್ಲೊಂದು ಪಾಲಿನಷ್ಟಿದೆ. 2014ರ ಕಠ್ಮಂಡುವಿನ ಸಭೆಯ ಬಳಿಕ ಸಾರ್ಕಿನ ಶೃಂಗಸಭೆಯೇ ಸೇರಿಲ್ಲ. ಒಂದೇ ಬಗೆಯ ಊಟ, ಒಂದೇ ಬಗೆಯ ಹಬ್ಬ, ಒಂದೇ ಬಗೆಯ ಬೆಳೆಗಳಿರುವ ನೆರೆಯವರು ಒಬ್ಬರ ಅಂಗಡಿಗೆ ಒಬ್ಬರು ಹೋಗದೆ ಇರುವುದು ಈ ಭೂಭಾಗದ ಬಡವರಿಗೆ ಆಗುತ್ತಿರುವ ದೊಡ್ಡ ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಈಗ ನಮ್ಮ ಬೆಲ್ಲದ ಮಾತಿಗೆ ಬರೋಣ. ಕಾರ್ಖಾನೆಯು ಅರೆಯುವ ಕಬ್ಬಿನ ಸಕ್ಕರೆ ರೈತನ ಕೈಬಿಟ್ಟು ಹೋದ ಮೇಲೆ ಅದರ ರಫ್ತಿನಲ್ಲಿ ರೈತನಿಗೆ ಮಾತಿಲ್ಲ. ಬೆಲ್ಲವಾದರೋ ಆಲೆಮನೆಯಲ್ಲಿ, ರೈತನ ಹೊಲದ ಪಕ್ಕದಲ್ಲಿ, ಅವನ ಕಣ್ಣೆದುರಿನಲ್ಲಿಯೇ ಆಗತಕ್ಕ ಪದಾರ್ಥ. ಒಂದು ಟನ್ ಕಬ್ಬಿಗೆ ಹತ್ತಿರ ಹತ್ತಿರ 100 ಕಿಲೋ ಬೆಲ್ಲ ಇಳಿಯುತ್ತದೆ. ಅಚ್ಚು, ಕುರಿಕಾಲಚ್ಚು, ಬಕೆಟ್, ಬಾಕ್ಸ್ ಎಂದು ಆಕಾರಕ್ಕೊಂದು ಹೆಸರಿನಿಂದ ಮಂಡ್ಯದ ಪೇಟೆಯಲ್ಲಿ ಹರಾಜಾಗುವ ಈ ಬೆಲ್ಲವು ಗುಜರಾತು, ರಾಜಸ್ಥಾನಗಳವರೆಗೆ ಹೋಗುತ್ತದೆ. ಒಂದು ಜಿಲ್ಲೆಗೆ ಒಂದು ಉತ್ಪನ್ನವೆಂಬ ಕೇಂದ್ರದ ಯೋಜನೆಯಲ್ಲಿ ಮಂಡ್ಯಕ್ಕೆ ಆರಿಸಿಕೊಂಡಿರುವುದೂ ಬೆಲ್ಲವನ್ನೇ.

ಮುಕ್ತ ವ್ಯಾಪಾರ ಒಪ್ಪಂದಗಳ ಕಾನೂನಿನಲ್ಲಿ ಬೆಲ್ಲದಂತಹ ಪದಾರ್ಥಕ್ಕೆ ಒಂದು ಸಹಜವಾದ ಅನುಕೂಲವಿದೆ. ರಿಯಾಯಿತಿ ಸಿಗಬೇಕಾದರೆ ಸರಕು ಒಪ್ಪಂದ ಮಾಡಿಕೊಂಡ ದೇಶದಲ್ಲಿಯೇ ಹುಟ್ಟಿದ್ದೆಂಬುದು ರುಜುವಾತಾಗಬೇಕು. ಇದಕ್ಕೆ ಮೂಲದ ನಿಯಮಗಳೆಂದು ಹೆಸರು. ಯಂತ್ರವನ್ನೋ ಬಟ್ಟೆಯನ್ನೋ ಕಳುಹಿಸುವವನು ತನ್ನ ಸರಕಿನ ಮೌಲ್ಯದಲ್ಲಿ ಇಂತಿಷ್ಟು ಪಾಲು ಸ್ವದೇಶದಲ್ಲಿಯೇ ಸೇರಿದ್ದೆಂದು ಲೆಕ್ಕ ತೋರಿಸಬೇಕು: ಶ್ರೀಲಂಕೆಯ ಒಪ್ಪಂದದಲ್ಲಿ ಶೇಕಡಾ 35, ದಕ್ಷಿಣ ಏಷ್ಯದ ಒಪ್ಪಂದದಲ್ಲಿ ಸಾಮಾನ್ಯವಾಗಿ ಶೇಕಡಾ 40. ಆದರೆ ನೆಲದಲ್ಲಿ ಬೆಳೆದು ಆ ನೆಲದಲ್ಲಿಯೇ ಕೊಯ್ದ ಬೆಳೆಯು ಪೂರ್ಣವಾಗಿ ಆ ದೇಶದ್ದೆಂದೇ ಗಣಿತವಾಗುತ್ತದೆ. ಕಬ್ಬೂ ನಮ್ಮದು, ಸೌದೆಯೂ ನಮ್ಮದು, ಕೊಪ್ಪರಿಗೆಯೂ ನಮ್ಮದು. ಮಂಡ್ಯದ ಬೆಲ್ಲಕ್ಕಿಂತ ಶುದ್ಧವಾದ ಭಾರತೀಯ ಮೂಲದ ಸರಕು ಯಾವುದಿದ್ದೀತು?

ಈ ಮೂಲದ ನಿಯಮ ಸಡಿಲವಾದರೆ ಏನಾಗುತ್ತದೆಂಬುದನ್ನು ನಮ್ಮ ನೆರೆಯ ಕೊಡಗು, ಚಿಕ್ಕಮಗಳೂರು, ಹಾಸನಗಳ ಮೆಣಸಿನ ಬೆಳೆಗಾರರು ಅನುಭವಿಸಿ ಬಲ್ಲರು. ವಿಯಟ್ನಾಮಿನಲ್ಲಿ ಬೆಳೆದ ಅಗ್ಗದ ಮೆಣಸು ಶ್ರೀಲಂಕೆಯಲ್ಲಿ ಇಳಿದು, ಅಲ್ಲಿಯದೇ ಎಂಬ ಪ್ರಮಾಣಪತ್ರವನ್ನು ಧರಿಸಿ, ಸುಂಕದ ರಿಯಾಯಿತಿಯೊಡನೆ ನಮ್ಮ ಬಂದರಿಗೆ ಬರುತ್ತಿದೆಯೆಂದು ಅವರು ಗಟ್ಟಿಯಾಗಿ ದೂರಿದರು. 2017ರ ಡಿಸೆಂಬರಿನಲ್ಲಿ ಸರಕಾರವು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ಗೊತ್ತುಮಾಡಬೇಕಾಯಿತು. 2020ರಲ್ಲಿ ಮೂಲದ ಪ್ರಮಾಣವನ್ನು ಆಮದುದಾರನೇ ಸಮರ್ಥಿಸಬೇಕೆಂಬ ಕಟ್ಟುನಿಟ್ಟಾದ ನಿಯಮಗಳೂ ಬಂದವು.

ನಮ್ಮ ಬೆಲ್ಲದ ಮೂಲವೇನೋ ನಿರ್ವಿವಾದ. ಆದರೆ ಶುದ್ಧಿ? ಇಲ್ಲಿ ನಾನು ಕಟುವಾದ ಮಾತನ್ನು ಆಡಲೇಬೇಕಾಗಿದೆ. ಆಡದಿದ್ದರೆ ಈ ಭಾಷಣಕ್ಕೆ ಅರ್ಥವಿಲ್ಲ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಬೆಂಡೆ ಗಿಡದ ಲೋಳೆಯಿಂದ ಮಡ್ಡಿಯನ್ನು ಎತ್ತಿ, ಹಿತಮಿತವಾಗಿ ಸುಣ್ಣವನ್ನು ಹಾಕಿ, ಪಾಕ ಬಂದಾಗ ಅಚ್ಚಿಗೆ ಹೊಯ್ಯುವುದು ನಮ್ಮ ಹಿರಿಯರ ಕ್ರಮ. ಆ ಬೆಲ್ಲದ ಬಣ್ಣ ಕಂದು. ಪೇಟೆಯ ಕೊಳ್ಳುವವನು ಹೊನ್ನಿನ ಬಣ್ಣವನ್ನು ಬಯಸಿದನು. ಹೊನ್ನಿನ ಬಣ್ಣಕ್ಕಾಗಿ ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕವು ಆಲೆಮನೆಯನ್ನು ಹೊಕ್ಕಿತು. ಕೂಲಿಯ ಅಭಾವದಿಂದ ಬೇಸತ್ತ ಒಡೆಯರು ಅನೇಕ ಆಲೆಮನೆಗಳನ್ನು ಉತ್ತರಪ್ರದೇಶದಿಂದ ಬಂದ ಕೆಲಸಗಾರರಿಗೆ ಗುತ್ತಿಗೆಗೆ ಕೊಟ್ಟರು. ಬಂದವರು ದುಡಿಮೆಗಾರರು, ಅವರನ್ನು ನಿಂದಿಸುವುದು ತರವಲ್ಲ, ಆದರೆ ಒಡೆಯನ ಕಣ್ಣು ತಪ್ಪಿದ ಮೇಲೆ ತೂಕ ಮತ್ತು ಬಣ್ಣಗಳೇ ಧ್ಯೇಯವಾದವು. ಅಗ್ಗದ ಸಕ್ಕರೆಯನ್ನೂ ಹಳೆಯ ಬೆಲ್ಲವನ್ನೂ ಕರಗಿಸಿ ಬೆರೆಸುವ ದುಷ್ಟಪದ್ಧತಿಯೂ ಅಲ್ಲಲ್ಲಿ ಬೇರೂರಿತು. ಒಳನಾಡಿನ ಪೇಟೆ ಇದನ್ನು ಸಹಿಸಿಕೊಂಡಿರಬಹುದು. ಹೊರನಾಡಿನ ಬಂದರಿನ ಪ್ರಯೋಗಶಾಲೆ ಸಹಿಸದು. ಗಂಧಕದ ಅಂಶ ಮಿತಿಯನ್ನು ಮೀರಿದ ಒಂದು ಕಂಟೇನರು ಹಿಂದಕ್ಕೆ ಬಂದರೆ ಅದರ ಹೋಗುವ ಬರುವ ಬಾಡಿಗೆ ಕಳುಹಿಸಿದವನ ತಲೆಯ ಮೇಲೆ ಬೀಳುವುದಲ್ಲದೆ, ಮಂಡ್ಯದ ಹೆಸರು ಹೊತ್ತ ಮುಂದಿನ ಸರಕುಗಳೆಲ್ಲವೂ ಸಂಶಯಕ್ಕೆ ಗುರಿಯಾಗುತ್ತವೆ.

ಸುಂಕದ ರಿಯಾಯಿತಿಯು ಇಂತಹ ನಷ್ಟವನ್ನು ತುಂಬಿಕೊಡಲಾರದೆಂಬುದನ್ನು ಲೆಕ್ಕದಿಂದಲೇ ಕಾಣಬಹುದು. ಕೊಲ್ಲಿಯ ರಾಷ್ಟ್ರಗಳಲ್ಲಿ ಸಾಮಾನ್ಯವಾಗಿ ಸುಂಕವು ಶೇಕಡಾ 5 ಮಾತ್ರ. ಒಪ್ಪಂದದಿಂದ ಅದು ಪೂರ್ತಿ ರದ್ದಾಯಿತೆಂದೇ ಇಟ್ಟುಕೊಂಡರೂ 100 ರೂಪಾಯಿಯ ಬೆಲ್ಲಕ್ಕೆ ಉಳಿಯುವುದು 5 ರೂಪಾಯಿ. ಹೈಡ್ರೋಸಿಲ್ಲದ, ಸಾವಯವ ಪ್ರಮಾಣಪತ್ರವುಳ್ಳ, ಪುಡಿ ಮಾಡಿ ತೇವ ತಗಲದಂತೆ ಕಟ್ಟಿದ ಬೆಲ್ಲಕ್ಕೂ ರಾಶಿಯಲ್ಲಿ ಹರಾಜಾಗುವ ಬೆಲ್ಲಕ್ಕೂ ನಡುವೆ ಇರುವ ಬೆಲೆಯ ಅಂತರವು ಇದಕ್ಕಿಂತ ಎಷ್ಟೋ ದೊಡ್ಡದು. ಒಪ್ಪಂದವು ಕೊಡುವುದು ಬಾಗಿಲಿನ ರಿಯಾಯಿತಿಯನ್ನು. ಒಳಗೆ ಗಿರಾಕಿಯನ್ನು ಕೊಡುವುದು ಪದಾರ್ಥದ ಶುದ್ಧಿ ಮತ್ತು ಕಳುಹಿಸುವವನ ನಿಯಮನಿಷ್ಠೆ. ಈ ವಿದ್ಯೆಯನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಮಂಡ್ಯದ ಪಕ್ಕದ ವಿ.ಸಿ. ಫಾರಂನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನಾ ಕೇಂದ್ರವೂ ರಾಸಾಯನಿಕವಿಲ್ಲದೆ ಬೆಲ್ಲ ತಯಾರಿಸುವುದನ್ನು ಕಲಿಸುವ ಬೆಲ್ಲದ ಪಾರ್ಕೂ ಇವೆ. ನಮ್ಮ ಆಲೆಮನೆಗಳವರು ಅಲ್ಲಿಗೆ ಹೋಗದಿರುವುದಕ್ಕೆ ದೂರವು ಕಾರಣವಲ್ಲ. ಹೋಗಿ ಬಂದು ಮಾಡಿದ ಕಂದು ಬೆಲ್ಲಕ್ಕೆ ಹರಾಜಿನಲ್ಲಿ ಹೆಚ್ಚಿನ ಬೆಲೆ ದೊರೆಯದಿರುವುದೇ ಕಾರಣ. ಶುದ್ಧ ಬೆಲ್ಲಕ್ಕೆ ಪ್ರಾಂಗಣದಲ್ಲಿಯೇ ಪ್ರತ್ಯೇಕ ಪರೀಕ್ಷೆಯನ್ನೂ ಪ್ರತ್ಯೇಕ ಹರಾಜನ್ನೂ ಏರ್ಪಡಿಸದಿರುವವರೆಗೆ ಉಪದೇಶಗಳಿಂದ ಪ್ರಯೋಜನವಾಗದು.

ಮದ್ದೂರಿನ ಎಳನೀರಿನ ಸಮಸ್ಯೆ ಬೇರೆ ಬಗೆಯದು. ಅದರ ಶುದ್ಧಿಯ ವಿಷಯದಲ್ಲಿ ಯಾರೂ ಸಂಶಯಪಡುವಂತಿಲ್ಲ. ಪ್ರಕೃತಿಯೇ ಮೊಹರು ಹಾಕಿದ ಪದಾರ್ಥ ಅದು. ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಯಿಂದ ಮುಂಬಯಿಗೂ ದೆಹಲಿಗೂ ಲಾರಿಗಳು ಹೊರಡುತ್ತವೆ. ಆದರೆ ಗಡಿಯ ಆಚೆಗೆ ಹೋಗಲು ಕಾಯಿಗೆ ಎರಡು ಅಡ್ಡಿಗಳಿವೆ. ಸಿಪ್ಪೆಯ ತೂಕದಿಂದ ಹಡಗಿನ ಬಾಡಿಗೆಯೇ ಬೆಲೆಯನ್ನು ನುಂಗುತ್ತದೆ. ಸಿಪ್ಪೆಯನ್ನು ಕೆತ್ತಿದರೆ ಒಂದೆರಡು ದಿನಗಳಲ್ಲಿ ಕಾಯಿ ಕಪ್ಪಾಗುತ್ತದೆ. ಕೆತ್ತಿದ ಕಾಯಿಯನ್ನು ಅರ್ಧ ಶೇಕಡಾ ಸಿಟ್ರಿಕ್ ಆಮ್ಲ, ಅರ್ಧ ಶೇಕಡಾ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬೆರೆಸಿದ ನೀರಿನಲ್ಲಿ ಮೂರು ನಿಮಿಷ ಅದ್ದಿ, 5ರಿಂದ 7 ಡಿಗ್ರಿಯ ಶೀತದಲ್ಲಿಟ್ಟರೆ 24 ದಿನಗಳವರೆಗೆ ಕೆಡದೆಂಬ ವಿಧಾನವನ್ನು ತೆಂಗು ಅಭಿವೃದ್ಧಿ ಮಂಡಳಿಯ ನೆರವಿನಿಂದ ಕೇರಳದ ಕೃಷಿ ವಿಶ್ವವಿದ್ಯಾನಿಲಯದ ವಿದ್ವಾಂಸರು ಕಂಡುಹಿಡಿದು ಬಹಳ ಕಾಲವಾಯಿತು. 24 ದಿನಗಳೆಂದರೆ ಕೊಲಂಬೊ, ದುಬೈಗಳಿರಲಿ, ಇನ್ನೂ ದೂರದ ಬಂದರುಗಳನ್ನೂ ತಲುಪಬಹುದಾದ ಅವಧಿ. ಥಾಯ್ಲೆಂಡಿನವರು ಸಣ್ಣಗೆ ಕೆತ್ತಿದ ತಮ್ಮ ಸುಗಂಧದ ಎಳನೀರನ್ನು ಚೀನದ ಪಟ್ಟಣಗಳ ಅಂಗಡಿಗಳಲ್ಲಿ ತುಂಬಿದ್ದಾರೆ. ಆಗ್ನೇಯ ಏಷ್ಯಕ್ಕೂ ಚೀನಕ್ಕೂ ಇರುವ ಒಪ್ಪಂದ ಅದಕ್ಕೆ ದಾರಿಯಾಯಿತು. ವಿಯಟ್ನಾಮ್ 2024ರ ಆಗಸ್ಟಿನಲ್ಲಿ ತನ್ನ ತಾಜಾ ಕಾಯಿಗೆ ಚೀನದ ಸಸ್ಯಾರೋಗ್ಯದ ಅನುಮತಿಯನ್ನು ಪಡೆದುಕೊಂಡಿತು. ಸುಂಕ ಇಳಿದ ಮೇಲೂ ಇಂತಹ ಒಂದೊಂದು ಅನುಮತಿಗಾಗಿ ಸರಕಾರಗಳು ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಬೇಕಾಗುತ್ತದೆ, ನಡೆಸಿದವರಿಗೆ ಪೇಟೆ. ಮದ್ದೂರಿಗೆ ಬೇಕಾಗಿರುವುದು ಕಾಯಿ ಕೆತ್ತುವ, ಅದ್ದುವ, ತಂಪಿನಲ್ಲಿಡುವ ಒಂದು ಸಾರ್ವಜನಿಕ ಕೇಂದ್ರ. 2023ರಲ್ಲಿ ತೆರೆದ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ ಆ ಊರಿನ ಮಗ್ಗುಲಲ್ಲೇ ಹಾದುಹೋಗಿದೆ. ರಸ್ತೆಯಿದೆ, ಕಾಯಿಯಿದೆ, ಶೀತಗೃಹದ ಕೊಂಡಿಯೊಂದು ಮಾತ್ರ ಕಾಣದು.

ಒಪ್ಪಂದವು ಹೊರಕ್ಕೆ ತೆರೆಯುವ ಬಾಗಿಲು ಒಳಕ್ಕೂ ತೆರೆಯುತ್ತದೆ. ಇದನ್ನು ಮರೆಮಾಡಿ ಬರಿಯ ಅವಕಾಶಗಳನ್ನು ಹೊಗಳುವುದು ಪ್ರಾಮಾಣಿಕತೆಯಲ್ಲ. ಸುಂಕ ಇಳಿದರೆ ಏನಾಗುತ್ತದೆಂಬುದಕ್ಕೆ ರೇಷ್ಮೆಯೇ ನಿದರ್ಶನ. 2011ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ, ಅದು ಯಾವ ಒಪ್ಪಂದದ ಕಾರಣದಿಂದಲೂ ಅಲ್ಲ, ನೇಕಾರರಿಗೆ ಅಗ್ಗದ ನೂಲು ಸಿಗಲೆಂಬ ಉದ್ದೇಶದಿಂದ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಕುಸಿದು ಮಳವಳ್ಳಿ, ಮದ್ದೂರುಗಳ ಬೆಳೆಗಾರರು ಹಿಪ್ಪುನೇರಳೆಯ ಗಿಡವನ್ನೇ ಕೀಳುವ ಯೋಚನೆಗೆ ಬಂದರು. 2013ರಲ್ಲಿ ಸುಂಕವನ್ನು ಶೇಕಡಾ 15ಕ್ಕೆ ಏರಿಸಿದ ಮೇಲೆ ಸ್ವಲ್ಪ ಉಸಿರು ಬಂದಿತು. 2019ರಲ್ಲಿ ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆಯೆಂಬ ಮಹಾ ಒಪ್ಪಂದದ ಮಾತುಕತೆ ನಡೆಯುತ್ತಿದ್ದಾಗ, ನ್ಯೂಜಿಲೆಂಡಿನ ಹಾಲಿನ ಪುಡಿ ಸುಂಕವಿಲ್ಲದೆ ಬಂದರೆ ನಮ್ಮ ಜಿಲ್ಲೆಯ ಗೆಜ್ಜಲಗೆರೆಯ ಡೈರಿಗೆ ಹಾಲು ಹಾಕುವ ಒಂದೆರಡು ಹಸುವಿನ ಮನೆಗಳ ಗತಿಯೇನೆಂದು ರೈತಸಂಘದವರೂ ಹಾಲು ಒಕ್ಕೂಟಗಳವರೂ ಬೀದಿಗಿಳಿದರು. ಆ ವರ್ಷದ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತವು ಸೇರುವುದಿಲ್ಲವೆಂದು ಹೇಳಿತು. ಉಳಿದ 15 ರಾಷ್ಟ್ರಗಳು ಮರುವರ್ಷ ಸಹಿ ಹಾಕಿದವು. ಹಾಲಿನ ವಿಷಯದಲ್ಲಿ ಆ ನಿರಾಕರಣೆ ಸರಿಯಾದುದೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ವಾರಕ್ಕೊಮ್ಮೆ ಹಾಲಿನ ಬಟವಾಡೆಯಿಂದ ಮನೆಯ ಖರ್ಚು ತೂಗಿಸುವ ತಾಯಂದಿರನ್ನು, ಸಾವಿರಾರು ಎಕರೆ ಹುಲ್ಲುಗಾವಲಿನ ದೇಶದ ಎದುರಿಗೆ ನಿಲ್ಲಿಸಿ ಸಮಾನ ಸ್ಪರ್ಧೆಯೆಂದು ಕರೆಯುವುದು ನ್ಯಾಯವಲ್ಲ. ಬೆಲ್ಲದಲ್ಲಿ ತೆರೆಯಿರಿ, ಹಾಲಿನಲ್ಲಿ ಕಾಯಿರಿ ಎಂದು ಕೇಳುವುದರಲ್ಲಿ ವಿರೋಧಾಭಾಸವಿಲ್ಲ. ಪ್ರತಿಯೊಂದು ದೇಶದ ಸೂಕ್ಷ್ಮ ಪಟ್ಟಿಯೂ ಇದನ್ನೇ ಮಾಡುತ್ತದೆ.

ಹೊರಗಿನವರ ಬಾಗಿಲನ್ನು ತೆರೆಸಿ ನಮ್ಮ ಬಾಗಿಲನ್ನು ನಾವೇ ಮುಚ್ಚಿಕೊಳ್ಳುವ ಇನ್ನೊಂದು ಕಷ್ಟವೂ ಇದೆ. 2021–22ರಲ್ಲಿ ಭಾರತವು ಒಂದು ಕೋಟಿ ಟನ್ನನ್ನು ಮೀರಿ ಸಕ್ಕರೆಯನ್ನು ಹೊರಗೆ ಕಳುಹಿಸಿ ದಾಖಲೆ ಮಾಡಿತು. 2022ರ ಜೂನ್ 1ರಿಂದ ರಫ್ತಿನ ಮೇಲೆ ನಿರ್ಬಂಧ ಬಂದಿತು. 2023–24ರಲ್ಲಿ ಅದು ಬಹುತೇಕ ನಿಂತೇ ಹೋಯಿತು. 2025ರ ಜನವರಿಯಲ್ಲಿ 10 ಲಕ್ಷ ಟನ್ನಿಗೆ ಅನುಮತಿ ದೊರೆಯಿತು. ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು 2023ರ ಜುಲೈ 20ರಂದು ನಿಷೇಧಿಸಿ 2024ರ ಸೆಪ್ಟೆಂಬರ್ 28ರಂದು ತೆರವು ಮಾಡಲಾಯಿತು. ಮಳೆ ಕೈಕೊಟ್ಟ ವರ್ಷ ದೇಶದೊಳಗಿನ ಬಡವನ ತಟ್ಟೆಯನ್ನು ಸರಕಾರ ಮೊದಲು ನೋಡಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ರಾತ್ರೋರಾತ್ರಿ ಹೊರಡುವ ಆಜ್ಞೆಯಿಂದ ಕೊಲಂಬೊದ ಕೊಳ್ಳುವವನು ಬೇರೆ ದೇಶದ ಮಾರಾಟಗಾರನನ್ನು ಹುಡುಕಿಕೊಂಡರೆ, ಅವನನ್ನು ಮತ್ತೆ ಕರೆತರುವ ಶಕ್ತಿ ಯಾವ ಒಪ್ಪಂದಕ್ಕೂ ಇಲ್ಲ. ಶ್ರೀಲಂಕೆಯೂ ಸಕ್ಕರೆ, ಈರುಳ್ಳಿ, ಆಲೂಗೆಡ್ಡೆಗಳಂತಹ ದಿನಬಳಕೆಯ ಪದಾರ್ಥಗಳ ಮೇಲೆ 2007ರ ಶಾಸನದಂತೆ ವಿಶೇಷ ತೆರಿಗೆಯೊಂದನ್ನು ವಿಧಿಸಿ, ಕಾಲಕಾಲಕ್ಕೆ ಆಜ್ಞೆಯ ಮೂಲಕ ಅದನ್ನು ಏರಿಸಿ ಇಳಿಸುತ್ತ ಬಂದಿದೆ. ಎರಡೂ ದಡಗಳಲ್ಲಿ ಹೀಗಾದರೆ ನಡುವಿನ ವರ್ತಕನು ದೋಣಿಗೆ ಸರಕನ್ನು ಹೇಗೆ ತುಂಬಿಯಾನು? ರಫ್ತಿನ ನಿರ್ಬಂಧಕ್ಕೆ ಕನಿಷ್ಠಪಕ್ಷ ಒಂದು ಹಂಗಾಮಿನ ಮುನ್ಸೂಚನೆ ಕೊಡಬೇಕೆಂಬ ನಿಯಮವನ್ನು ದೆಹಲಿಯವರು ತಮಗೆ ತಾವೇ ಹಾಕಿಕೊಳ್ಳುವುದು ಯುಕ್ತ.

ರಫ್ತು ಮಾಡುವ ಕಾಗದಪತ್ರಗಳ ಕೆಲಸವನ್ನು ನಮ್ಮವರು ಊಹಿಸಿಕೊಂಡು ಹೆದರುವಷ್ಟು ಹೆದರಬೇಕಾಗಿಲ್ಲ. ವಿದೇಶ ವ್ಯಾಪಾರದ ಮಹಾನಿರ್ದೇಶನಾಲಯದಿಂದ ಆಮದು–ರಫ್ತು ಸಂಕೇತ ಸಂಖ್ಯೆಯೊಂದನ್ನು ಪಡೆಯಬೇಕು. ಶುಲ್ಕ 500 ರೂಪಾಯಿ. ಬೆಲ್ಲಕ್ಕೆ ಕೃಷಿ ಪದಾರ್ಥಗಳ ರಫ್ತನ್ನು ನೋಡಿಕೊಳ್ಳುವ ಅಪೆಡಾ ಸಂಸ್ಥೆಯಲ್ಲಿಯೂ, ತೆಂಗಿನ ಪದಾರ್ಥಗಳಿಗೆ ತೆಂಗು ಅಭಿವೃದ್ಧಿ ಮಂಡಳಿಯಲ್ಲಿಯೂ ನೋಂದಾವಣೆ ಮಾಡಿಸಬೇಕು. ಅಪೆಡಾದ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ಸುಂಕದ ರಿಯಾಯಿತಿ ಬೇಕಾದರೆ ಸರಕಿನೊಡನೆ ಮೂಲದ ಪ್ರಮಾಣಪತ್ರ ಹೋಗಬೇಕು. ಈ ಪತ್ರವಿಲ್ಲದಿದ್ದರೆ ಒಪ್ಪಂದ ಇದ್ದೂ ಇಲ್ಲದಂತೆ, ಪೂರ್ತಿ ಸುಂಕವನ್ನು ತೆರಬೇಕಾಗುತ್ತದೆ. ತಾಜಾ ಕಾಯಿಗೆ ಸಸ್ಯಾರೋಗ್ಯದ ಪತ್ರವೂ ಬೇಕು. ಒಬ್ಬ ರೈತನಿಗೆ ಇದು ಹೊರೆ. ನೂರು ರೈತರು ಸೇರಿದ ಉತ್ಪಾದಕರ ಕಂಪನಿಗೆ ಒಬ್ಬ ಓದಿದ ಹುಡುಗನ ಕೆಲಸ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ವಾಣಿಜ್ಯಶಾಸ್ತ್ರದ ಪದವಿ ಪಡೆದು ಬೆಂಗಳೂರಿನ ಬಸ್ಸಿಗೆ ಕಾಯುತ್ತಿರುವ ತರುಣ ತರುಣಿಯರಿಗೆ ಇಂತಹ ಕೆಲಸ ಊರಿನಲ್ಲಿಯೇ ದೊರೆಯಬಾರದೇಕೆ?

ಆದುದರಿಂದ ಮಂಡ್ಯದ ಮಾರುಕಟ್ಟೆ ಸಮಿತಿಯವರಲ್ಲಿ ನನ್ನ ವಿನಂತಿ: ಗಂಧಕವನ್ನು ಪರೀಕ್ಷಿಸುವ ಒಂದು ಮೇಜನ್ನೂ ಶುದ್ಧ ಬೆಲ್ಲಕ್ಕೆ ಬೇರೆಯಾದ ಒಂದು ಕಟ್ಟೆಯನ್ನೂ ಪ್ರಾಂಗಣದಲ್ಲಿ ಏರ್ಪಡಿಸಿರಿ. ಮದ್ದೂರಿನ ವರ್ತಕರಲ್ಲಿ ವಿನಂತಿ: ಶೀತಗೃಹವನ್ನು ಸರಕಾರ ಕಟ್ಟಿಕೊಡಲೆಂದು ಕಾಯುತ್ತ ಕೂರದೆ ಸಹಕಾರದಿಂದ ಆರಂಭಿಸಿರಿ. ಆಲೆಮನೆಯ ಒಡೆಯರಾದ ರೈತಬಂಧುಗಳಲ್ಲಿ ವಿನಂತಿ: ಮುಂದಿನ ಕಬ್ಬಿನ ಹಂಗಾಮು ಆರಂಭವಾಗುವ ಮುನ್ನ ಒಮ್ಮೆ ವಿ.ಸಿ. ಫಾರಂಗೆ ಹೋಗಿ ಬನ್ನಿರಿ, ಹೈಡ್ರೋಸನ್ನು ಕೊಪ್ಪರಿಗೆಯ ಬಳಿಗೆ ಬಿಡಬೇಡಿರಿ, ಆಲೆಮನೆ ಗುತ್ತಿಗೆಗೆ ಹೋಗಿದ್ದರೂ ಪಾಕದ ಹೊತ್ತಿಗೆ ನೀವೇ ಅಲ್ಲಿ ನಿಂತಿರಿ.